ನರಕ್ಯಾ ಮರ ಮತ್ತು ಕ್ಯಾನ್ಸರ್ ಚಿಕಿತ್ಸೆ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಮಹಾಬಳೇಶ್ವರವನ್ನು ನೋಡದವರು ವಿರಳ. ಊರಿನಿಂದ ನೆಂಟರಿಷ್ಟರು ಬಂದಾಗ ಅವರನ್ನು ಅಲ್ಲಿಗೆ ಕರೆದೊಯ್ದು, ಕೃಷ್ಣೆ ಉಗಮಿಸುವ ತಾಣವನ್ನು ತೋರಿಸಿ, ಈ ನೀರೇ ಮುಂದೆ ನಮ್ಮ ಬಾಗಲಕೋಟೆ, ರಾಯಚೂರುಗಳ ಕಡೆಗೆ ಹರಿಯುವುದೆಂದು ಹೇಳಿ ಸಂತೋಷಪಡುವುದು ನಮ್ಮಲ್ಲಿ ವಾಡಿಕೆಯೇ ಆಗಿಹೋಗಿದೆ. ಆದರೆ ಅದೇ ಘಟ್ಟದ ಕಾಡುಗಳಲ್ಲಿ ಬೆಳೆಯುವ ಒಂದು ಸಣ್ಣ ಮರವನ್ನು ಹೆಚ್ಚಿನವರು ಗಮನಿಸಿರಲಾರರು. ನೋಟಕ್ಕೆ ಅದರಲ್ಲಿ ವಿಶೇಷವೇನೂ ಇಲ್ಲ. ಹಳದಿ ಛಾಯೆಯ ಚಿಕ್ಕ ಹೂಗೊಂಚಲುಗಳ ದುರ್ಗಂಧವೇ ಅದರ ಗುರುತು. ಸಸ್ಯಶಾಸ್ತ್ರಜ್ಞರು ಅದನ್ನು ನೋತಾಪೊಡೈಟಿಸ್ ನಿಮ್ಮೋನಿಯಾನ ಎಂದು ಕರೆಯುತ್ತಾರೆ. ಹಳೆಯ ಗ್ರಂಥಗಳಲ್ಲಿ ಮಾಪಿಯಾ ಫೀಟಿಡಾ ಎಂಬ ಹೆಸರು ಕಾಣಸಿಗುತ್ತದೆ. ಕನ್ನಡದಲ್ಲಿ ಅದು ‘ದುರ್ವಾಸನೆ ಮರ’. ಮರಾಠಿಯಲ್ಲಿ ‘ನರಕ್ಯಾ’. ಆಶ್ಚರ್ಯವೆಂದರೆ, ಅದೇ ಮರಾಠಿಯಲ್ಲಿ ಅದಕ್ಕೆ ‘ಅಮೃತಾ’ ಎಂಬ ಇನ್ನೊಂದು ಹೆಸರೂ ಉಂಟು. ನಮ್ಮ ಉತ್ತರ ಕನ್ನಡ, ಕೊಡಗು ಮೊದಲಾದ ಜಿಲ್ಲೆಗಳ ಮಲೆಗಳಲ್ಲಿಯೂ ಈ ಮರ ಬೆಳೆಯುತ್ತದೆ.

ನರಕವನ್ನೂ ಅಮೃತವನ್ನೂ ನೆನಪಿಗೆ ತರುವ ಎರಡು ಹೆಸರುಗಳು ಒಂದೇ ಮರಕ್ಕೆ ಒಪ್ಪುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ಇದಕ್ಕೆ ಒಂದು ವ್ಯಾವಹಾರಿಕ ಕಾರಣವೂ ಇದೆ. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್, ಅಂದರೆ ನಮ್ಮ ಹಿರಿಯರು ಏಡಿಗಂತಿ ಎನ್ನುತ್ತಿದ್ದ ರೋಗ, ತಗುಲಿದೆಯೆಂದು ತಿಳಿದೊಡನೆ, ಹಿತೈಷಿಗಳು ಬೇರು ತೊಗಟೆಗಳ ಪುಡಿಯ ಪೊಟ್ಟಣಗಳನ್ನು ಹಿಡಿದು ಬರುತ್ತಾರೆ. “ಆಸ್ಪತ್ರೆಯ ಔಷಧವೂ ಗಿಡದಿಂದಲೇ ಬಂದದ್ದಲ್ಲವೇ? ಹಾಗಿದ್ದ ಮೇಲೆ ಗಿಡವನ್ನೇ ಕುದಿಸಿ ಕುಡಿದರೆ ತಪ್ಪೇನು?” ಎಂದು ಕೇಳುತ್ತಾರೆ. ಪ್ರಶ್ನೆ ಅಸಂಗತವಾದುದಲ್ಲ, ಅದನ್ನು ನಕ್ಕು ತಳ್ಳಿಹಾಕುವುದೂ ಸರಿಯಲ್ಲ. ಔಷಧ ಗಿಡದಿಂದ ಬಂದದ್ದು ನಿಜ. ಆದರೆ ಗಿಡಕ್ಕೂ ರೋಗಿಗೂ ನಡುವೆ ಎಷ್ಟು ದೂರವಿದೆ, ಆ ದೂರವನ್ನು ಕ್ರಮಿಸಲು ಯಾವ ಯಾವ ಶಾಸ್ತ್ರಗಳು ನೆರವಾದವು ಎಂಬುದನ್ನು ನರಕ್ಯಾ ಮರದ ಕಥೆ ಸ್ಪಷ್ಟವಾಗಿ ತಿಳಿಸಿಕೊಡುತ್ತದೆ.

ಮರದೊಳಗಿನ ವಿಷ

ಕಥೆ ಆರಂಭವಾಗುವುದು ನಮ್ಮ ಮರದಿಂದಲ್ಲ, ಚೀನಾ ದೇಶದ ಇನ್ನೊಂದು ಮರದಿಂದ. ಅದರ ಶಾಸ್ತ್ರೀಯ ನಾಮ ಕ್ಯಾಂಪ್ಟೋಥೆಕಾ ಅಕ್ಯೂಮಿನಾಟ. ಚೀನೀಯರು ಅದನ್ನು ‘ಸಂತೋಷದ ಮರ’ ಎನ್ನುತ್ತಾರೆ. ಅದರ ಸತ್ವಕ್ಕೆ ಕ್ಯಾನ್ಸರ್ ಕೋಶಗಳನ್ನು ತಡೆಯುವ ಗುಣವಿದೆಯೆಂದು ಅಮೆರಿಕೆಯಲ್ಲಿ ನಡೆದ ಪರೀಕ್ಷೆಗಳು ಸೂಚಿಸಿದ್ದವು. ಉತ್ತರ ಕೆರೊಲಿನಾ ರಾಜ್ಯದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮನ್ರೋ ವಾಲ್ ಮತ್ತು ಮನಸುಖ ವಾಣಿ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಆ ಸತ್ವವನ್ನು ಹಂತಹಂತವಾಗಿ ಶೋಧಿಸಿ, 1966ರಲ್ಲಿ ಅದರ ಮೂಲವಸ್ತುವನ್ನು ಬೇರ್ಪಡಿಸಿ, ಅದರ ರಚನೆಯನ್ನು ಪ್ರಕಟಿಸಿದರು. ಅದಕ್ಕೆ ಕ್ಯಾಂಪ್ಟೋಥೆಸಿನ್ ಎಂದು ಹೆಸರಾಯಿತು. ಇವರಲ್ಲಿ ಡಾ. ವಾಣಿಯವರು ಮಹಾರಾಷ್ಟ್ರದ ನಂದುರಬಾರದಲ್ಲಿ 1925ರಲ್ಲಿ ಜನಿಸಿದವರು. ಮುಂಬಯಿಯಲ್ಲಿ ವ್ಯಾಸಂಗ ಮಾಡಿ ಅಮೆರಿಕೆಗೆ ತೆರಳಿದವರು. ಮುಂದೆ 1971ರಲ್ಲಿ ಇದೇ ಜೋಡಿ ಟ್ಯಾಕ್ಸಾಲ್ ಎಂಬ ಮತ್ತೊಂದು ಪ್ರಸಿದ್ಧ ಔಷಧದ ರಚನೆಯನ್ನೂ ಪ್ರಕಟಿಸಿತು.

ಚೀನಾದ ಮರದಲ್ಲಿ ಈ ವಸ್ತುವಿನ ಪ್ರಮಾಣ ಅತ್ಯಲ್ಪ. ಅದಕ್ಕಿಂತ ಸಮೃದ್ಧವಾದ ಆಕರವನ್ನು ಕಂಡುಹಿಡಿದ ಕೀರ್ತಿ ಭಾರತೀಯರದು. ಮುಂಬಯಿಯ ಗೋರೆಗಾಂವದಲ್ಲಿದ್ದ ಸೀಬಾ ಸಂಶೋಧನಾ ಕೇಂದ್ರದ ಡಾ. ಟಿ. ಆರ್. ಗೋವಿಂದಾಚಾರಿ ಮತ್ತು ಡಾ. ಎನ್. ವಿಶ್ವನಾಥನ್ ಅವರು 1972ರಲ್ಲಿ ನಮ್ಮ ಸಹ್ಯಾದ್ರಿಯ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೋಥೆಸಿನ್ ಇರುವುದನ್ನು ತೋರಿಸಿದರು. ಪ್ರಮಾಣ ಶೇಕಡಾ 0.1ರಷ್ಟು, ಎಂದರೆ ಒಂದು ಕಿಲೋಗ್ರಾಂ ಒಣಗಿದ ಕಟ್ಟಿಗೆಯಲ್ಲಿ ಸುಮಾರು ಒಂದು ಗ್ರಾಂ. ಓದುಗರಿಗೆ ಇದು ಅಲ್ಪವೆನಿಸಬಹುದು. ಔಷಧಶಾಸ್ತ್ರದ ದೃಷ್ಟಿಯಲ್ಲಿ ಇದು ಸಂಪತ್ತು.

ಮೊದಲನೆಯ ಸೋಲು

ಆದರೆ ಸಂಪತ್ತು ದೊರೆತೊಡನೆ ರೋಗ ಗುಣವಾಗಲಿಲ್ಲ. ಕ್ಯಾಂಪ್ಟೋಥೆಸಿನ್ ನೀರಿನಲ್ಲಿ ಕರಗುವುದಿಲ್ಲ. ಕರಗದ ವಸ್ತುವನ್ನು ರಕ್ತನಾಳಕ್ಕೆ ಚುಚ್ಚುವುದು ಸಾಧ್ಯವಿಲ್ಲ. ಆದುದರಿಂದ ವಿಜ್ಞಾನಿಗಳು ಅದನ್ನು ಕ್ಷಾರದೊಡನೆ ಸೇರಿಸಿ ಸೋಡಿಯಂ ಲವಣವನ್ನಾಗಿ ಮಾರ್ಪಡಿಸಿ, 1970ರ ದಶಕದ ಆರಂಭದಲ್ಲಿ ಅಮೆರಿಕೆಯ ರೋಗಿಗಳಿಗೆ ಕೊಟ್ಟು ನೋಡಿದರು. ಫಲಿತಾಂಶ ನಿರಾಶಾದಾಯಕವಾಗಿತ್ತು. ರಕ್ತದ ಬಿಳಿಯ ಕಣಗಳು ಕುಸಿದವು, ತೀವ್ರ ಭೇದಿಯಾಯಿತು, ಕೆಲವರಿಗೆ ಮೂತ್ರಕೋಶ ಹುಣ್ಣಾಗಿ ರಕ್ತ ಹೋಗತೊಡಗಿತು. ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು.

ಕಾರಣ ಅನಂತರ ತಿಳಿಯಿತು. ಈ ಅಣುವಿನ ರಚನೆಯಲ್ಲಿ ಐದು ಉಂಗುರಗಳಿವೆ. ಕೊನೆಯ ಉಂಗುರ ಮುಚ್ಚಿಕೊಂಡಿದ್ದಾಗ ಮಾತ್ರ ಔಷಧಕ್ಕೆ ಪೂರ್ಣ ಶಕ್ತಿ. ಲವಣವಾಗಿ ಮಾರ್ಪಡಿಸಿದಾಗ ಆ ಉಂಗುರ ತೆರೆದುಕೊಳ್ಳುತ್ತದೆ. ವಸ್ತು ನೀರಿನಲ್ಲಿ ಕರಗುತ್ತದೆ, ಆದರೆ ಗಡ್ಡೆಯ ಮೇಲೆ ಅದರ ಪ್ರಭಾವ ಕುಗ್ಗುತ್ತದೆ. ಅದು ಮೂತ್ರಕೋಶವನ್ನು ತಲುಪಿದಾಗ ಅಲ್ಲಿಯ ಆಮ್ಲೀಯತೆಯಿಂದ ಉಂಗುರ ಪುನಃ ಮುಚ್ಚಿಕೊಂಡು ವಿಷವಾಗಿ ಪರಿಣಮಿಸುತ್ತದೆ. ಬೇಕಾದ ಕಡೆಯಲ್ಲಿ ದುರ್ಬಲ, ಬೇಡದ ಕಡೆಯಲ್ಲಿ ಪ್ರಬಲ! ಶುದ್ಧೀಕರಿಸಿ, ತೂಗಿ, ತಜ್ಞರ ಕಣ್ಣೆದುರಿನಲ್ಲಿ ಕೊಟ್ಟ ವಸ್ತುವೇ ಇಷ್ಟು ಹಾನಿ ಮಾಡಿದ್ದರೆ, ತೂಕವೇ ತಿಳಿಯದ ತೊಗಟೆಯ ಕಷಾಯ ಏನು ಮಾಡೀತೆಂಬುದನ್ನು ಓದುಗರೇ ಊಹಿಸಬಹುದು.

ಎರಡೆಳೆಯ ಹಗ್ಗ

ಮುಂದಿನ ಹೆಜ್ಜೆಗೆ ದಾರಿ ತೋರಿಸಿದ್ದು ಜೀವಕೋಶದ ಅಧ್ಯಯನ. ನಮ್ಮ ಬಹುತೇಕ ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ಅನುವಂಶಿಕ ವಸ್ತು ಎರಡೆಳೆಯ ಹಗ್ಗದಂತೆ ಸುತ್ತಿಕೊಂಡಿರುತ್ತದೆ. ಬಿಡಿಸಿ ಹಿಡಿದರೆ ಅದರ ಉದ್ದ ಸುಮಾರು ಎರಡು ಮೀಟರ್. ಕೋಶ ಇಬ್ಭಾಗವಾಗುವ ಮೊದಲು ಈ ಎರಡು ಎಳೆಗಳು ಬಿಡಿಸಿಕೊಂಡು ಹೊಸ ಪ್ರತಿಗಳು ಸಿದ್ಧವಾಗಬೇಕು. ಬಾವಿಯ ಹಗ್ಗದ ಎರಡು ಎಳೆಗಳನ್ನು ನಡುವಿನಲ್ಲಿ ಬಲವಂತವಾಗಿ ಅಗಲಿಸಿದರೆ ಮುಂದಿನ ಭಾಗ ಇನ್ನಷ್ಟು ಬಿಗಿಯಾಗಿ ಹುರಿಗೊಂಡು ಗಂಟಾಗುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲರೂ ಕಂಡಿದ್ದಾರೆ. ಡಿ.ಎನ್.ಎ.ಗೂ ಇದೇ ತೊಡಕು. ಅದನ್ನು ನಿವಾರಿಸಲು ಪ್ರಕೃತಿಯು ಟೋಪೋಐಸೋಮರೇಸ್ ಎಂಬ ಕಿಣ್ವಗಳನ್ನು ಇರಿಸಿದೆ. ಇವುಗಳಲ್ಲಿ ಮೊದಲನೆಯ ಬಗೆಯದು ಒಂದು ಎಳೆಯನ್ನು ಕತ್ತರಿಸಿ, ಹುರಿ ಸಡಿಲವಾಗಲು ಬಿಟ್ಟು, ಕೂಡಲೇ ಮತ್ತೆ ಬೆಸೆಯುತ್ತದೆ.

ಕ್ಯಾಂಪ್ಟೋಥೆಸಿನ್ ಹಿಡಿಯುವುದು ಈ ಕಿಣ್ವವನ್ನೇ ಎಂಬುದನ್ನು ಲೀರಾಯ್ ಲ್ಯೂ ಮತ್ತು ಅವರ ಸಹೋದ್ಯೋಗಿಗಳು 1985ರಲ್ಲಿ ತೋರಿಸಿದರು. ಕಿಣ್ವ ಎಳೆಯನ್ನು ಕತ್ತರಿಸಿದ ಕ್ಷಣದಲ್ಲಿ ಔಷಧ ಆ ಕಂಡಿಯಲ್ಲಿ ಬೆಣೆಯಂತೆ ಕುಳಿತುಬಿಡುತ್ತದೆ, ಬೆಸುಗೆ ನಡೆಯುವುದಿಲ್ಲ. ಪ್ರತಿ ತೆಗೆಯುವ ಯಂತ್ರವ್ಯವಸ್ಥೆ ಬಂದು ಅಲ್ಲಿ ಎಡವಿದಾಗ ಡಿ.ಎನ್.ಎ. ತುಂಡಾಗಿ, ಕೋಶ ಸಾಯುತ್ತದೆ. ಮತ್ತೆ ಮತ್ತೆ ವಿಭಜನೆಗೊಳ್ಳುವ ಕೋಶಗಳಿಗೇ ಈ ಪೆಟ್ಟು ಹೆಚ್ಚು. ಕ್ಯಾನ್ಸರ್ ಕೋಶಗಳು ಸಾಯುವುದು ಈ ಕಾರಣದಿಂದ. ಎಲುಬಿನ ಮಜ್ಜೆ, ಕರುಳಿನ ಒಳಪದರ, ಕೂದಲ ಬುಡ ಇವುಗಳಲ್ಲಿರುವ ನಿರಪರಾಧಿ ಕೋಶಗಳು ನೋಯುವುದೂ ಇದೇ ಕಾರಣದಿಂದ. ಕೂದಲು ಉದುರುವುದನ್ನೂ ಭೇದಿಯಾಗುವುದನ್ನೂ ಕಂಡು “ಔಷಧ ಒಗ್ಗಲಿಲ್ಲ” ಎಂದು ಚಿಕಿತ್ಸೆಯನ್ನು ತಾವಾಗಿಯೇ ನಿಲ್ಲಿಸುವ ಕುಟುಂಬಗಳು ಈ ಮಾತನ್ನು ಗಮನಿಸಬೇಕು.

ಇಲ್ಲಿ ಒಂದು ಸ್ವಾರಸ್ಯಕರ ಸಂಗತಿಯಿದೆ. ಇಂತಹ ವಿಷವನ್ನು ತನ್ನೊಳಗೆ ತುಂಬಿಕೊಂಡ ಮರ ತಾನು ಬದುಕುವುದು ಹೇಗೆ? ಚೀನಾದ ಮರದಲ್ಲಿ ಈ ಕಿಣ್ವದ ರಚನೆಯೇ ತುಸು ಬದಲಾಗಿದ್ದು, ಅದರಿಂದಾಗಿ ತನ್ನ ವಿಷ ತನಗೆ ತಾಗದಂತೆ ಅದು ರಕ್ಷಣೆ ಪಡೆದಿರುವುದನ್ನು ಜಪಾನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಮನುಷ್ಯನಿಗೆ ಅಂತಹ ರಕ್ಷಣೆಯಿಲ್ಲ.

ರಸಾಯನಶಾಸ್ತ್ರದ ತಿದ್ದುಪಡಿ

ಗುರಿ ತಿಳಿದ ಮೇಲೆ ರಸಾಯನಶಾಸ್ತ್ರಜ್ಞರ ಕೆಲಸ ಸುಗಮವಾಯಿತು. ಮುಚ್ಚಿದ ಉಂಗುರವನ್ನು ಹಾಗೆಯೇ ಉಳಿಸಿಕೊಂಡು, ಅಣುವಿನ ಇನ್ನೊಂದು ತುದಿಯಲ್ಲಿ ನೀರಿಗೆ ಒಲಿಯುವ ಗುಂಪುಗಳನ್ನು ಜೋಡಿಸಿದರು. ಹೀಗೆ ಟೋಪೋಟೆಕ್ಯಾನ್ ಮತ್ತು ಇರಿನೋಟೆಕ್ಯಾನ್ ಎಂಬ ಎರಡು ಔಷಧಗಳು ಹುಟ್ಟಿದವು. ಎರಡೂ 1996ರಲ್ಲಿ ಅಮೆರಿಕೆಯಲ್ಲಿ ಮಾನ್ಯತೆ ಪಡೆದವು: ಮೊದಲನೆಯದು ಅಂಡಾಶಯದ ಕ್ಯಾನ್ಸರಿಗೆ, ಎರಡನೆಯದು ದೊಡ್ಡ ಕರುಳಿನ ಕ್ಯಾನ್ಸರಿಗೆ. ಇರಿನೋಟೆಕ್ಯಾನ್ ರೂಪುಗೊಂಡದ್ದು ಜಪಾನಿನಲ್ಲಿ. ಹುದುಗಿಸಿದ ಹಾಲಿನ ಪುಟ್ಟ ಬಾಟಲಿಗಳಿಗೆ ಹೆಸರಾದ ಯಾಕುಲ್ಟ್ ಸಂಸ್ಥೆಯ ಪ್ರಯೋಗಾಲಯದಲ್ಲಿ. 1966ರಿಂದ 1996ರವರೆಗೆ, ಮರದ ಸತ್ವ ಔಷಧವಾಗಲು ಸರಿಯಾಗಿ ಮೂವತ್ತು ವರ್ಷಗಳು ಬೇಕಾದವು.

ಈ ಶ್ರಮದಲ್ಲಿ ನಮ್ಮ ಪುಣೆಗೂ ಪಾಲಿದೆ. ಪಾಷಾಣ ರಸ್ತೆಯಲ್ಲಿ 1950ರಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು, ಮರವನ್ನು ಕಡಿಯದೆ ಕ್ಯಾಂಪ್ಟೋಥೆಸಿನ್ ಅಣುವನ್ನು ಪ್ರಯೋಗಾಲಯದಲ್ಲಿಯೇ ಕಟ್ಟುವ ಮಾರ್ಗಗಳನ್ನು ಶೋಧಿಸಿ ಪ್ರಕಟಿಸಿದ್ದಾರೆ. ನರಕ್ಯಾ ಮರದ ಅಂಗಾಂಶವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಅದರಿಂದ ಔಷಧವಸ್ತುವನ್ನು ಪಡೆಯುವ ಪ್ರಯತ್ನಗಳೂ ಪುಣೆಯಲ್ಲಿ ನಡೆದಿದ್ದು, 2003ರಲ್ಲಿ ಅವುಗಳ ಫಲಿತಾಂಶ ಬೆಳಕು ಕಂಡಿತು. ಗಣೇಶಖಿಂಡದ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರವು 1986ರಲ್ಲಿ ಆರಂಭವಾದ ಸಂಸ್ಥೆ. ಅದು ಮನುಷ್ಯನ ಕ್ಯಾನ್ಸರ್ ಕೋಶಗಳ ಬಗೆಬಗೆಯ ತಳಿಗಳನ್ನು ಜೀವಂತವಾಗಿ ಕಾಪಾಡಿ, ಹೊಸ ವಸ್ತುಗಳನ್ನು ಪರೀಕ್ಷಿಸುವ ದೇಶದ ಸಂಶೋಧಕರಿಗೆ ಒದಗಿಸುತ್ತದೆ. ನಾವು ನಿತ್ಯವೂ ಬಸ್ಸಿನಲ್ಲಿ ಹಾದುಹೋಗುವ ಆವರಣಗಳೊಳಗೆ ಇಂತಹ ಕೆಲಸ ಸದ್ದಿಲ್ಲದೆ ಸಾಗುತ್ತಿರುತ್ತದೆ.

ಒಂದೇ ಔಷಧ, ಬೇರೆ ಬೇರೆ ದೇಹ

ಔಷಧ ಸಿದ್ಧವಾದರೂ ಇನ್ನೊಂದು ಸಮಸ್ಯೆ ಉಳಿಯಿತು. ಒಂದೇ ಪ್ರಮಾಣದ ಇರಿನೋಟೆಕ್ಯಾನ್ ಅನ್ನು ಒಬ್ಬ ರೋಗಿ ಸಹಿಸಿಕೊಳ್ಳುತ್ತಾನೆ. ಇನ್ನೊಬ್ಬನಿಗೆ ಬಿಳಿಯ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿಯುತ್ತವೆ. ಏಕೆ? ಉತ್ತರ ಅನುವಂಶಿಕತೆಯಲ್ಲಿ ದೊರೆಯಿತು.

ಇರಿನೋಟೆಕ್ಯಾನ್ ದೇಹವನ್ನು ಸೇರಿದ ಮೇಲೆ, ಮುಖ್ಯವಾಗಿ ಯಕೃತ್ತಿನಲ್ಲಿ, ಅದಕ್ಕಿಂತ ಬಹುಪಾಲು ತೀಕ್ಷ್ಣವಾದ ಎಸ್.ಎನ್. 38 ಎಂಬ ವಸ್ತುವಾಗುತ್ತದೆ. ಗಡ್ಡೆಯನ್ನು ಹೊಡೆಯುವುದು ಇದೇ. ಕೆಲಸ ಮುಗಿದ ಮೇಲೆ ಯು.ಜಿ.ಟಿ. 1ಎ1 ಎಂಬ ಕಿಣ್ವ ಇದನ್ನು ನಿರ್ವಿಷಗೊಳಿಸಿ ಪಿತ್ತರಸದ ಮೂಲಕ ಹೊರಗೆ ಕಳುಹಿಸುತ್ತದೆ. ಕೆಲವರಲ್ಲಿ ಈ ಕಿಣ್ವದ ಜೀನಿನ ಮುಂಭಾಗದ ಬರಹದಲ್ಲಿ ಒಂದು ಸಣ್ಣ ವ್ಯತ್ಯಾಸವಿರುತ್ತದೆ: ಆರು ಸಲ ಬರಬೇಕಾದ ಎರಡಕ್ಷರದ ತುಣುಕು ಏಳು ಸಲ ಬಂದಿರುತ್ತದೆ. ತಾಯಿ ತಂದೆ ಇಬ್ಬರಿಂದಲೂ ಈ ವ್ಯತ್ಯಾಸವನ್ನು ಪಡೆದವರಲ್ಲಿ ಕಿಣ್ವದ ಉತ್ಪಾದನೆ ತಗ್ಗಿ, ವಿಷ ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಅಮೆರಿಕೆಯ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಈ ಎಚ್ಚರಿಕೆಯನ್ನು ಔಷಧದ ವಿವರಪತ್ರದಲ್ಲಿ ಸೇರಿಸಿತು. ಆ ದೇಶದಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿ ಇಂತಹವರು. ಭಾರತೀಯರಲ್ಲಿಯೂ ಇದು ವಿರಳವಲ್ಲ.

ಇದೇ ಕಿಣ್ವದ ಕೊರತೆಯಿಂದ ಕೆಲವು ಮನೆತನಗಳಲ್ಲಿ ಉಪವಾಸ ಮಾಡಿದಾಗಲೋ ಜ್ವರ ಬಂದಾಗಲೋ ಕಣ್ಣು ತುಸು ಹಳದಿಯಾಗುವುದುಂಟು. ಇದಕ್ಕೆ ಗಿಲ್ಬರ್ಟ್ ಲಕ್ಷಣ ಎನ್ನುತ್ತಾರೆ. ದೈನಂದಿನ ಜೀವನದಲ್ಲಿ ಇದು ನಿರುಪದ್ರವಿ; ನಮ್ಮ ಮನೆತನವೇ ಹೀಗೆ ಎಂದು ಹೇಳಿ ಮರೆತುಬಿಡುವಂಥದ್ದು. ಆದರೆ ಇರಿನೋಟೆಕ್ಯಾನ್ ಪಡೆಯುವ ರೋಗಿಯ ವಿಷಯದಲ್ಲಿ ಅದನ್ನು ಮರೆಯಬಾರದು. ವೈದ್ಯರಿಗೆ ತಿಳಿಸಿದರೆ ಅವರು ರಕ್ತಪರೀಕ್ಷೆ ಮಾಡಿಸಿ ಪ್ರಮಾಣವನ್ನು ತಗ್ಗಿಸಬಹುದು.

ವಿಳಾಸ ಬರೆದ ಔಷಧ

ಉಳಿದದ್ದು ನಿರಪರಾಧಿ ಕೋಶಗಳನ್ನು ಉಳಿಸುವ ಪ್ರಶ್ನೆ. ಇದರಲ್ಲಿ ನೆರವಿಗೆ ಬಂದದ್ದು ರೋಗನಿರೋಧ ಶಾಸ್ತ್ರ. ನಮ್ಮ ದೇಹಕ್ಕೆ ರೋಗಾಣು ಹೊಕ್ಕಾಗ ಬಿಳಿಯ ರಕ್ತಕಣಗಳು ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತವೆ. ಒಂದೊಂದು ಪ್ರತಿಕಾಯವೂ ತನಗೆ ನಿಗದಿಯಾದ ಒಂದೇ ಗುರುತನ್ನು ಹಿಡಿಯುತ್ತದೆ, ಬೀಗಕ್ಕೆ ಕೀಲಿಯಿದ್ದಂತೆ. ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ತಯಾರಿಸುವ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಎಂಬ ವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿ, 1984ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಕೆಲವು ಸ್ತನ ಕ್ಯಾನ್ಸರುಗಳ ಕೋಶದ ಹೊರಮೈಯಲ್ಲಿ ಹರ್-2 ಎಂಬ ಪ್ರೋಟೀನು ದಟ್ಟವಾಗಿರುತ್ತದೆ. ಅದನ್ನು ಹಿಡಿಯುವ ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯ 1998ರಿಂದ ಬಳಕೆಯಲ್ಲಿದೆ. ಇಂತಹ ಪ್ರತಿಕಾಯದ ಬೆನ್ನಿಗೆ ಕ್ಯಾಂಪ್ಟೋಥೆಸಿನ್ ಕುಲದ ವಿಷವನ್ನು ಕಟ್ಟಿ ಕಳುಹಿಸಿದರೆ ಹೇಗೆ? ಅಂಚೆಯ ಲಕೋಟೆಯ ಮೇಲೆ ವಿಳಾಸ ಬರೆದಂತೆ, ಪ್ರತಿಕಾಯ ತನ್ನ ಗುರುತನ್ನು ಹುಡುಕಿ ಕ್ಯಾನ್ಸರ್ ಕೋಶಕ್ಕೆ ಅಂಟಿಕೊಳ್ಳುತ್ತದೆ. ಕೋಶ ಅದನ್ನು ನುಂಗುತ್ತದೆ. ಒಳಗೆ ಕಟ್ಟು ಬಿಚ್ಚಿ ವಿಷ ಹೊರಬರುತ್ತದೆ. ಈ ತತ್ವದ ಮೇಲೆ ರಚಿತವಾದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕ್ಯಾನ್ 2019ರಲ್ಲಿ ಅಮೆರಿಕೆಯಲ್ಲಿ ಮಾನ್ಯತೆ ಪಡೆಯಿತು. ಅದರ ಒಂದೊಂದು ಪ್ರತಿಕಾಯವೂ ಸುಮಾರು ಎಂಟು ವಿಷದ ಅಣುಗಳನ್ನು ಹೊರುತ್ತದೆ. ಮೇಲೆ ಹೇಳಿದ ಎಸ್.ಎನ್. 38 ಅನ್ನೇ ಹೊರುವ ಸಾಸಿಟುಜುಮಾಬ್ ಗೋವಿಟೆಕ್ಯಾನ್ ಎಂಬುದು 2020ರಲ್ಲಿ ಬಂದಿತು.

ಇವು ದೋಷರಹಿತ ಎಂದು ಭಾವಿಸಬಾರದು. ವಿಳಾಸ ಬರೆದ ಲಕೋಟೆಯೂ ಒಮ್ಮೊಮ್ಮೆ ಬೇರೆ ಮನೆ ಸೇರುತ್ತದೆ. ಮೊದಲನೆಯ ಔಷಧದಿಂದ ಕೆಲವರಿಗೆ ಪುಪ್ಪುಸದಲ್ಲಿ ಗಂಭೀರವಾದ ಉರಿಯೂತ ಉಂಟಾಗುತ್ತದೆ. ಬೆಲೆಯೂ ಸಾಮಾನ್ಯ ಕುಟುಂಬಕ್ಕೆ ಹಗುರವಾದುದಲ್ಲ. ಆದರೂ 1970ರ ದಶಕದಲ್ಲಿ ರೋಗಿಗಳಿಗೆ ಹಾನಿಕರವೆಂದು ಕೈಬಿಟ್ಟಿದ್ದ ವಸ್ತುವಿನ ವಂಶಜರು ಇಂದು ಹಲವರ ಆಯುಷ್ಯವನ್ನು ವಿಸ್ತರಿಸುತ್ತಿರುವುದು ಸತ್ಯ.

ಮರದ ಗತಿ

ಇಷ್ಟೆಲ್ಲ ನಡೆಯುತ್ತಿರುವಾಗ ಸಹ್ಯಾದ್ರಿಯ ಮರಕ್ಕೆ ಏನಾಯಿತು? ಔಷಧಕ್ಕೆ ಬೇಡಿಕೆ ಹೆಚ್ಚಿದಂತೆ ಅದರ ಕಟ್ಟಿಗೆಯನ್ನು ಚಕ್ಕೆಗಳಾಗಿ ಕತ್ತರಿಸಿ ಹೊರದೇಶಗಳಿಗೆ ಸಾಗಿಸತೊಡಗಿದರು. ಬೇರಿನಲ್ಲಿ ಸತ್ವ ಹೆಚ್ಚಿರುವುದರಿಂದ ಬುಡಸಮೇತ ಕಿತ್ತರು. ಮಹಾರಾಷ್ಟ್ರ, ಕರ್ನಾಟಕಗಳೆರಡರ ಘಟ್ಟಗಳಲ್ಲಿಯೂ ಮರಗಳ ಸಂಖ್ಯೆ ಇಳಿಯಿತು.

ಮರಗಳೆಲ್ಲವೂ ಒಂದೇ ಸಮನಲ್ಲವೆಂಬುದನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಆರ್. ಉಮಾಶಂಕರ್ ಮತ್ತು ಅವರ ಸಂಗಡಿಗರು ಪಶ್ಚಿಮ ಘಟ್ಟಗಳನ್ನು ಸುತ್ತಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಕೆಲವು ಮರಗಳಲ್ಲಿ ಸತ್ವ ಉಳಿದವುಗಳಿಗಿಂತ ಅನೇಕ ಪಟ್ಟು ಅಧಿಕ. ಅಂತಹ ಮರಗಳಿಂದ ಸಸಿ ಮಾಡಿ ಬೆಳೆಸಿದರೆ ಕಾಡನ್ನು ಮುಟ್ಟಬೇಕಾಗಿಲ್ಲ. ಅವುಗಳನ್ನೇ ಕಡಿದರೆ ಮತ್ತೆಂದಿಗೂ ಪಡೆಯಲಾಗದ ಗುಣ ನಶಿಸುತ್ತದೆ. ಮರದ ತೊಗಟೆಯೊಳಗೆ ವಾಸಿಸುವ ಒಂದು ಶಿಲೀಂಧ್ರವೂ ಕ್ಯಾಂಪ್ಟೋಥೆಸಿನ್ ತಯಾರಿಸುತ್ತದೆಂದು ಜಮ್ಮುವಿನ ವಿಜ್ಞಾನಿಗಳು 2005ರಲ್ಲಿ ವರದಿ ಮಾಡಿದರು. ಪಾತ್ರೆಯಲ್ಲಿ ಬೆಳೆಯುವ ಶಿಲೀಂಧ್ರದಿಂದ ಔಷಧ ದೊರೆತರೆ ಮರ ಉಳಿಯುತ್ತದೆಂಬ ಆಸೆ ಮೂಡಿತು. ಆದರೆ ಬೆಂಗಳೂರಿನ ತಂಡ ಇಂತಹ ಶಿಲೀಂಧ್ರಗಳನ್ನು ಮರದಿಂದ ಬೇರ್ಪಡಿಸಿ ಮತ್ತೆ ಮತ್ತೆ ಬೆಳೆಸಿದಾಗ, ತಲೆಮಾರಿನಿಂದ ತಲೆಮಾರಿಗೆ ಆ ಶಕ್ತಿ ಕುಗ್ಗುತ್ತ ಬಂದುದು ಕಂಡಿತು. ತವರನ್ನು ಬಿಟ್ಟು ಬಂದ ನಮ್ಮಂತಹವರಿಗೆ ಇದು ಅಷ್ಟೇನೂ ಅಪರಿಚಿತವಾದ ಅನುಭವವಲ್ಲ!

ಮನೆಯವರು ಅರಿತಿರಬೇಕಾದುದು

ಕೊನೆಯಲ್ಲಿ ಕೆಲವು ಹಿತವಚನಗಳು. ಕ್ಯಾನ್ಸರ್ ರೋಗಿಗೆ ನರಕ್ಯಾದ ತೊಗಟೆಯನ್ನಾಗಲಿ, ಬೇರನ್ನಾಗಲಿ, ಅದರ ಪುಡಿಯನ್ನಾಗಲಿ ಎಂದಿಗೂ ಕೊಡಬಾರದು. ಬೇರೆ ಯಾವುದೇ ಮೂಲಿಕೆಯನ್ನು ರೋಗಿ ಸೇವಿಸುತ್ತಿದ್ದರೆ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು. ಕೆಲವು ಮೂಲಿಕೆಗಳು ಔಷಧದ ಶಕ್ತಿಯನ್ನು ಕುಗ್ಗಿಸುತ್ತವೆ, ಕೆಲವು ವಿಷವನ್ನು ಹೆಚ್ಚಿಸುತ್ತವೆ. ಚಿಕಿತ್ಸೆಗೆ ಮುನ್ನ ಔಷಧದ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಅದು ಇರಿನೋಟೆಕ್ಯಾನ್ ಆಗಿದ್ದರೆ ಮನೆತನದಲ್ಲಿ ಕಣ್ಣು ಹಳದಿಯಾಗುವ ರೂಢಿಯಿದೆಯೇ ಎಂಬುದನ್ನು ತಿಳಿಸಬೇಕು. ಚಿಕಿತ್ಸೆಯ ಅನಂತರ ಭೇದಿ ಆರಂಭವಾದರೆ ಮಾರನೆಯ ದಿನಕ್ಕೆ ಕಾಯದೆ ವೈದ್ಯರು ಮೊದಲೇ ಹೇಳಿದ ಮಾತ್ರೆಯನ್ನು ಕೊಟ್ಟು, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸುತ್ತ, ಆಸ್ಪತ್ರೆಗೆ ತಿಳಿಸಬೇಕು. ಜ್ವರ ಬಂದರೆ ರಾತ್ರಿಯಾಗಿದ್ದರೂ ತಡಮಾಡಬಾರದು. ಬಿಳಿಯ ರಕ್ತಕಣಗಳು ಇಳಿದಾಗ ಸಣ್ಣ ಸೋಂಕೂ ಪ್ರಾಣಾಂತಿಕವಾಗಬಲ್ಲದು. ಪ್ರತಿಕಾಯಕ್ಕೆ ಕಟ್ಟಿದ ಔಷಧ ಪಡೆಯುವವರಲ್ಲಿ ಹೊಸದಾಗಿ ಕೆಮ್ಮು, ಏದುಸಿರು ಕಂಡರೆ ಅದನ್ನು ನೆಗಡಿಯೆಂದು ಭಾವಿಸಿ ಸುಮ್ಮನಿರಕೂಡದು.

ಅತಿಯಾದರೆ ಅಮೃತವೂ ವಿಷ ಎಂದು ನಮ್ಮಲ್ಲಿ ಗಾದೆಯಿದೆ. ಅದನ್ನು ತಿರುಗಿಸಿ, ವಿಷವೂ ಅಮೃತವಾಗಬಲ್ಲುದು ಎಂದು ಈ ಮರ ಹೇಳುತ್ತದೆ. ಆದರೆ ಅದರ ಗುಣ, ಪ್ರಮಾಣ, ರೋಗಿಯ ಪ್ರಕೃತಿ, ತಲುಪಬೇಕಾದ ಸ್ಥಳ ಇವು ನಾಲ್ಕೂ ತಿಳಿದಾಗ ಮಾತ್ರ. ನರಕ್ಯಾ ಮತ್ತು ಅಮೃತಾ ಎಂಬ ಎರಡು ಹೆಸರುಗಳ ನಡುವಿನ ಅಂತರ ಈ ತಿಳಿವಳಿಕೆಯೇ. ಮುಂದಿನ ಸಲ ನೆಂಟರೊಡನೆ ಘಟ್ಟ ಹತ್ತಿದಾಗ, ಕೃಷ್ಣೆಯ ಉಗಮವನ್ನು ತೋರಿಸಿದ ಮೇಲೆ, ಈ ಮರದ ಸಂಗತಿಯನ್ನೂ ಅವರಿಗೆ ಹೇಳಿ. ಯಾರ ಮನೆಯಲ್ಲಿ ಯಾವಾಗ ಈ ಮಾತು ಉಪಯೋಗಕ್ಕೆ ಬರುವುದೋ ಹೇಳಲಾಗದು.